ಮಾಗುವ ಮುನ್ನ ಒಂದು ಗುಟುಕು

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಲಿನ್ ಎಂಬ ಬಂದರು ಪಟ್ಟಣವಿದೆ. 1400ರ ಆಸುಪಾಸಿನಲ್ಲಿ ಅಲ್ಲಿ ಮಾರ್ಜರಿ ಕೆಂಪ್ ಎಂಬ ಹೆಂಗಸು ಏಲ್ ತಯಾರಿಸಿ ಮಾರುವ ಉದ್ಯೋಗಕ್ಕೆ ಕೈಹಾಕಿದಳು. ತಂದೆ ಊರಿನ ಮೇಯರ್ ಆಗಿದ್ದವನು. ಹಣಕ್ಕೆ ಕೊರತೆಯಿರಲಿಲ್ಲ, ಕೆಲಸ ಬಲ್ಲ ಆಳುಗಳೂ ಇದ್ದರು. ಮೂರು ನಾಲ್ಕು ವರ್ಷ ಆಕೆ ಪಟ್ಟಣದ ದೊಡ್ಡ ಏಲ್ ತಯಾರಕರಲ್ಲಿ ಒಬ್ಬಳೆನಿಸಿಕೊಂಡಳು. ಆಮೇಲೆ ಗ್ರಹಚಾರ ಕೆಟ್ಟಿತು. ಹಂಡೆಯಲ್ಲಿ ಏಲ್ ಮೇಲೆ ನೊರೆ ದಟ್ಟವಾಗಿ ಎದ್ದು ನಿಂತಿರುತ್ತಿತ್ತು, ಕಣ್ಣಿಗೆ ಎಲ್ಲವೂ ಸೊಗಸಾಗಿಯೇ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ನೊರೆ ಕುಸಿಯುತ್ತಿತ್ತು. ಕುಸಿದರೆ ಹಂಡೆಯಷ್ಟೂ ನಷ್ಟ. ಒಂದು ಸಲವಲ್ಲ, ಒಂದರ ಹಿಂದೊಂದು ಹಂಡೆ ಹೀಗೆ ಹಾಳಾಯಿತು. ನಾಚಿಕೆಯಿಂದ ಆಳುಗಳು ಕೆಲಸ ಬಿಟ್ಟು ಹೋದರು. ತನ್ನ ಅಹಂಕಾರಕ್ಕೆ ದೇವರು ಕೊಟ್ಟ ಶಿಕ್ಷೆಯಿದು ಎಂದುಕೊಂಡ ಮಾರ್ಜರಿ ಆ ಉದ್ಯೋಗ ಬಿಟ್ಟು ಕುದುರೆ ಕಟ್ಟಿದ ಹಿಟ್ಟಿನ ಗಿರಣಿ ಹಾಕಿದಳು. ಅದೂ ನಡೆಯಲಿಲ್ಲ.

ಇಷ್ಟೂ ತಿಳಿದಿರುವುದು ಆಕೆ ಮುಪ್ಪಿನಲ್ಲಿ ಹೇಳಿ ಬರೆಸಿದ ಪುಸ್ತಕದಿಂದ. ಇಂಗ್ಲಿಷಿನ ಮೊದಲ ಆತ್ಮಕಥೆ ಎಂದು ಅನೇಕರು ಪರಿಗಣಿಸುವ ಆ ಪುಸ್ತಕದ ಹಸ್ತಪ್ರತಿ ಪತ್ತೆಯಾದದ್ದು 1934ರಲ್ಲಿ. ವಿದ್ವಾಂಸರು ಅದನ್ನು ಭಕ್ತಿಯ ಚರಿತ್ರೆಯಾಗಿ ಓದುತ್ತಾರೆ, ಅದು ಸರಿಯೇ. ಆದರೆ ಬಿಯರಿನ ಚರಿತ್ರೆಯಲ್ಲೂ ಅದಕ್ಕೊಂದು ಜಾಗ ಸಲ್ಲಬೇಕು. ಎಳೆಯ ಏಲ್ ಹೇಗಿದೆ, ಅದು ನಾಳೆ ಏನಾದೀತು ಎಂದು ಅಳೆಯಲಾರದೆ ಕೈಸುಟ್ಟುಕೊಂಡ ಗೃಹಿಣಿಯೊಬ್ಬಳ ಮಾತು ಅಷ್ಟು ಹಿಂದಿನ ಕಾಲದಿಂದ ಬೇರೆಲ್ಲೂ ಹೀಗೆ ಕೇಳಿಸುವುದು ಅಪರೂಪ.

ಬಿಯರನ್ನು ಸಾರಾಯಿಯಂತೆ ಭಟ್ಟಿ ಇಳಿಸುವುದಿಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಸಿದರೆ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಬಸಿದು, ಕುದಿಸಿ, ಆರಿಸಿ ಯೀಸ್ಟ್ ಬೆರೆಸಿದರೆ ಅದು ಹುದುಗಿ ಸಕ್ಕರೆ ಮದ್ಯಸಾರವಾಗುತ್ತದೆ. ಕೆಲಸ ಇಷ್ಟೇ. ತೊಡಕಿರುವುದು ಹುದುಗು ಇಳಿದ ಮೇಲೆ. ಆಗ ಸಿಗುವ ಪಾನೀಯ ಕದಡಿಕೊಂಡಿರುತ್ತದೆ, ಬೆಚ್ಚಗಿರುತ್ತದೆ, ಒಮ್ಮೊಮ್ಮೆ ಕೊಳೆತ ಮೊಟ್ಟೆಯ ವಾಸನೆಯನ್ನೂ ಬೀರುತ್ತದೆ. ಇದೇ ಎಳೆಯ ಬಿಯರು. ಇದನ್ನು ಚೆಲ್ಲಬೇಕೋ ಇಡಬೇಕೋ? ಇಟ್ಟರೆ ಎಷ್ಟು ದಿನ? ಆರುನೂರು ವರ್ಷಗಳಿಂದ ಮನೆಯಲ್ಲಿ ಬಿಯರ್ ಮಾಡುವವರು ಕೇಳಿಕೊಂಡು ಬಂದಿರುವ ಪ್ರಶ್ನೆ ಇದು.

ಮಾರ್ಜರಿಯ ಕಾಲದಲ್ಲಿ ಈ ಪ್ರಶ್ನೆಗೆ ಸರ್ಕಾರಿ ಉತ್ತರವೊಂದಿತ್ತು. ರೊಟ್ಟಿ ಮತ್ತು ಏಲಿನ ಬೆಲೆಯನ್ನು ಧಾನ್ಯದ ಬೆಲೆಗೆ ಗಂಟುಹಾಕಿದ ಕಟ್ಟಳೆಯೊಂದು ಮೂರನೆಯ ಹೆನ್ರಿಯ ಆಳ್ವಿಕೆಯಲ್ಲಿ, 1266-67ರ ಸುಮಾರಿಗೆ, ಜಾರಿಯಾಯಿತು. ಅದನ್ನು ನಡೆಸಲು ಊರೂರಿಗೆ ಏಲ್ ಪರೀಕ್ಷಕರಿದ್ದರು. ಆಗ ಏಲ್ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಮನೆ ಬಳಕೆಗೆಂದು ಮಾಡಿದ್ದರಲ್ಲಿ ಮಿಕ್ಕಿದ್ದನ್ನು ನೆರೆಹೊರೆಗೆ ಮಾರುತ್ತಿದ್ದರು. ಹೊಸ ಏಲ್ ಸಿದ್ಧವಾದಾಗ ಬಾಗಿಲ ಮುಂದೆ ಕೋಲೊಂದನ್ನು ಚಾಚಿ ಅದಕ್ಕೆ ಸೊಪ್ಪಿನ ಕಟ್ಟು ಸಿಕ್ಕಿಸುವುದು ರೂಢಿ. ಅದು ಗಿರಾಕಿಗೂ ಕರೆ, ಪರೀಕ್ಷಕನಿಗೂ ಕರೆ. ಅವನು ಬಂದು ಒಂದು ಗುಟುಕು ಕುಡಿದು ಒಪ್ಪಿದ ಮೇಲೆಯೇ ಮಾರಾಟ. ಒಪ್ಪದಿದ್ದರೆ ದಂಡ. ಕಾಸಿಗೆ ಕಾಸು ಕೂಡಿಸುವ ವಿಧವೆಗೆ ಆ ಗುಟುಕು ಸಣ್ಣ ವಿಷಯವಲ್ಲ.

ಈ ವ್ಯವಸ್ಥೆಯನ್ನು ಬರೀ ಗ್ರಾಹಕ ರಕ್ಷಣೆ ಎಂದು ಹೊಗಳುವುದೂ ತಪ್ಪಾದೀತು. ಜೂಡಿತ್ ಬೆನೆಟ್ ಅವರಂಥ ಇತಿಹಾಸಕಾರರು ಹಳೆಯ ನ್ಯಾಯಸ್ಥಾನಗಳ ಕಡತಗಳನ್ನು ಜಾಲಾಡಿ ತೋರಿಸಿರುವಂತೆ, ಎಷ್ಟೋ ಊರುಗಳಲ್ಲಿ ಏಲ್ ಮಾರುವವರೆಲ್ಲರಿಗೂ ಸಾಲಾಗಿ ದಂಡ ಬೀಳುತ್ತಿತ್ತು. ಹೆಸರಿಗೆ ದಂಡವಾದರೂ ನಡೆಯುತ್ತಿದ್ದುದು ಪರವಾನಗಿ ಶುಲ್ಕದ ವಸೂಲಿ. ಪರೀಕ್ಷಕನ ಹುದ್ದೆಯಲ್ಲಿ ಇದ್ದವರಂತೂ ಸಾಮಾನ್ಯವಾಗಿ ಗಂಡಸರೇ. ಸ್ಟ್ರಾಟ್‌ಫರ್ಡ್ ಪಟ್ಟಣಕ್ಕೆ 1556ರಲ್ಲಿ ಏಲ್ ಪರೀಕ್ಷಕನಾಗಿ ನೇಮಕಗೊಂಡವನು ಜಾನ್ ಶೇಕ್ಸ್‌ಪಿಯರ್, ನಾಟಕಕಾರನ ತಂದೆ. ಮಗ ಹುಟ್ಟಲು ಇನ್ನೂ ಎಂಟು ವರ್ಷವಿತ್ತು.

ಪರೀಕ್ಷಕರ ಬಗ್ಗೆ ಪ್ರಚಾರದಲ್ಲಿರುವ ಕಥೆಯೊಂದುಂಟು. ಪರೀಕ್ಷಕ ಬೆಂಚಿನ ಮೇಲೆ ಏಲ್ ಸುರಿದು, ಅದರ ಮೇಲೆ ಚರ್ಮದ ಚಡ್ಡಿ ಹಾಕಿಕೊಂಡು ಅರ್ಧ ಗಂಟೆ ಕೂರುತ್ತಿದ್ದನಂತೆ. ಏಳುವಾಗ ಚಡ್ಡಿ ಅಂಟಿದರೆ ಏಲಿನಲ್ಲಿ ಸಕ್ಕರೆ ಉಳಿದಿದೆ ಎಂದು ತೀರ್ಪು. ಪ್ರವಾಸಿಗಳಿಗೆ ಹೇಳಲು ಚೆಂದ. ಆದರೆ ಮಧ್ಯಯುಗದ ದಾಖಲೆಗಳಲ್ಲಿ ಇದಕ್ಕೆ ಆಧಾರವಿಲ್ಲ. ಬಹಳ ಈಚಿನವರು ಕಟ್ಟಿದ್ದು. ಆ ಪರೀಕ್ಷಕನ ಉಪಕರಣವೆಂದರೆ ಕಣ್ಣು, ಮೂಗು, ನಾಲಗೆ.

ಗಮನಿಸಬೇಕಾದ್ದೆಂದರೆ ಅವನು ಕೇಳುತ್ತಿದ್ದ ಪ್ರಶ್ನೆ ಸರಳವಾಗಿತ್ತು: ಇದು ಈಗ ಕುಡಿಯಲು ಯೋಗ್ಯವೇ? ಅಂದಿನ ಏಲಿನಲ್ಲಿ ಹಾಪ್ಸ್ ಇರಲಿಲ್ಲ. ಅದು ನಮ್ಮ ಕಡೆಯ ಹೆಂಡದಂತೆ, ಇಟ್ಟಷ್ಟೂ ಹುಳಿಯಾಗುವ ಪದಾರ್ಥ. ಹೆಂಡಕ್ಕೆ ಒಂದು ದಿನವಾದರೆ ಅದಕ್ಕೆ ಕೆಲವು ದಿನ. ವೈದ್ಯ ಆಂಡ್ರ್ಯೂ ಬೋರ್ಡ್ 1542ರ ತನ್ನ ಪಥ್ಯದ ಪುಸ್ತಕದಲ್ಲಿ ಐದು ದಿನವಾಗದ ಏಲನ್ನು ಕುಡಿಯಬಾರದೆಂದ, ತೀರಾ ಹೊಸತು ಯಾರ ಮೈಗೂ ಒಗ್ಗದು ಎಂದ. ಹುಳಿಯೇರಿದ್ದೂ ಸಪ್ಪೆಯಾದದ್ದೂ ಬೇಡವೆಂದ. ಅಂದರೆ ಏಲಿಗೆ ಬಾಲ್ಯಕ್ಕೂ ಮುಪ್ಪಿಗೂ ನಡುವೆ ಇದ್ದ ಹರೆಯ ಕೆಲವೇ ದಿನಗಳದು. ಅಷ್ಟರಲ್ಲಿ ಮಾರಿ ಮುಗಿಸಬೇಕು.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಒಂದು ಬಳ್ಳಿಯ ಹೂವು. ಹಾಪ್ಸ್ ಹಾಕಿ ಕುದಿಸಿದ ಬಿಯರ್ ಸಮುದ್ರದಾಚೆಯ ಡಚ್ ಮತ್ತು ಫ್ಲೆಮಿಶ್ ನಾಡುಗಳಿಂದ 1400ರ ಸುಮಾರಿಗೆ ಇಂಗ್ಲೆಂಡಿಗೆ ಬಂತು. ಮೊದಮೊದಲು ಅದು ಪರದೇಶಿಗಳ ಕಹಿ ಪಾನೀಯ ಎಂಬ ತಾತ್ಸಾರವಿತ್ತು. ಆದರೆ ಹಾಪ್ಸಿನ ಕಹಿ ಬರೀ ರುಚಿಗಲ್ಲ. ಹುಳಿ ಹಿಡಿಸುವ ಬ್ಯಾಕ್ಟೀರಿಯಾಗಳನ್ನು ಅದು ತಡೆಯುತ್ತದೆ. ರೆಜಿನಾಲ್ಡ್ ಸ್ಕಾಟ್ 1574ರಲ್ಲಿ ಹಾಪ್ಸ್ ಬೇಸಾಯದ ಕುರಿತು ಬರೆದ ಪುಸ್ತಕದಲ್ಲಿ ವ್ಯಾಪಾರಿಯಂತೆ ಲೆಕ್ಕ ಕೊಟ್ಟಿದ್ದಾನೆ. ಒಂದು ಬುಷೆಲ್ ಮಾಲ್ಟಿನಿಂದ ಸಾಧಾರಣ ಏಲ್ ತೆಗೆದರೆ 8-9 ಗ್ಯಾಲನ್, ಒಳ್ಳೆಯ ಬಿಯರ್ ತೆಗೆದರೆ 18-20 ಗ್ಯಾಲನ್. ಏಲ್ ಕೆಡದಿರಬೇಕಾದರೆ ಮದ್ಯಸಾರ ಗಟ್ಟಿಯಾಗಿರಬೇಕು, ಅದಕ್ಕೆ ಮಾಲ್ಟ್ ಹೆಚ್ಚು ಬೇಕು. ಹಾಪ್ಸ್ ಹಾಕಿದ ಬಿಯರಿಗೆ ಆ ಖರ್ಚಿಲ್ಲ, ಆಯುಷ್ಯವೂ ಹೆಚ್ಚು.

ಆಯುಷ್ಯ ಬಂದ ಮೇಲೆ ಮಾಗುವುದೂ ಬಂತು. ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ ಪ್ರಕಟವಾದ ತನ್ನ ದೇಶವರ್ಣನೆಯಲ್ಲಿ, ಶ್ರೀಮಂತರ ಪಂಕ್ತಿಯಲ್ಲಿ ಬಡಿಸುವ ಬಿಯರ್ ಮಾರ್ಚಿಯಲ್ಲಿ ಮಾಡಿಟ್ಟದ್ದು, ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಹಳತು ಎಂದು ಬರೆದಿದ್ದಾನೆ. ಸಾಮಾನ್ಯ ಮನೆಗಳಲ್ಲೂ ಒಂದು ತಿಂಗಳಾಗದೆ ಪೀಪಾಯಿಗೆ ಕೈಹಾಕುತ್ತಿರಲಿಲ್ಲ. ಅವನ ಸ್ವಂತ ಮನೆಯಲ್ಲಿ ಹೆಂಡತಿಯೂ ಕೆಲಸದ ಹುಡುಗಿಯರೂ ತಿಂಗಳಿಗೊಮ್ಮೆ ಬಿಯರ್ ಕಾಯಿಸುತ್ತಿದ್ದರು. 20 ಷಿಲಿಂಗ್ ಖರ್ಚಿನಲ್ಲಿ 200 ಗ್ಯಾಲನ್ ಎಂದು ಅವನು ಹೆಮ್ಮೆಪಟ್ಟಿದ್ದಾನೆ. ಲೆಕ್ಕ ಗಂಡನದು, ಬೆವರು ಹೆಂಡತಿಯದು, ಬಹುಶಃ ರುಚಿ ನೋಡಿ ತೀರ್ಮಾನಿಸುವ ಕೆಲಸವೂ.

ಈ ತೀರ್ಮಾನ ಪರೀಕ್ಷಕನದಕ್ಕಿಂತ ಕಷ್ಟದ್ದು. ಈಗ ಹೇಗಿದೆ ಎಂಬುದಲ್ಲ, ತಿಂಗಳ ಮೇಲೆ, ವರ್ಷದ ಮೇಲೆ ಹೇಗಾದೀತು ಎಂದು ಹೇಳಬೇಕು. ಹೊಸ ಮಾವಿನಕಾಯಿ ಉಪ್ಪಿನಕಾಯಿಯನ್ನು ಮೂರನೆಯ ದಿನ ನಾಲಗೆಗೆ ಹಚ್ಚಿಕೊಂಡ ಅಜ್ಜಿ ‘ಉಪ್ಪು ಮುಂದಿದೆ, ಇರಲಿ’ ಎನ್ನುತ್ತಾಳಲ್ಲ, ಅಂಥ ಲೆಕ್ಕ ಇದು. ಇಂದು ಹದವಾಗಿರುವ ಉಪ್ಪು ಮುಂದೆ ಸಾಲದೆಂದು ಅವಳಿಗೆ ಗೊತ್ತು. ಹಾಗೆಯೇ ಎಳೆತನದಲ್ಲೇ ಹಿತವಾಗಿರುವ ಬಿಯರ್ ವರ್ಷಕಾಲ ನಿಲ್ಲುವುದು ಅನುಮಾನ. ಕಹಿಯಿಂದ ಮುಖ ಕಿವಿಚುವಂತೆ ಮಾಡುವುದೇ ಮುಂದೆ ಸೊಗಸಾಗಬಹುದು. ನಾಲಗೆ ಬೇಡವೆಂದದ್ದನ್ನು ಬುದ್ಧಿ ಇಟ್ಟುಕೋ ಎನ್ನಬೇಕು.

ಇಂಗ್ಲೆಂಡಿನ ಹಳ್ಳಿಗಾಡಿನ ಬಂಗಲೆಗಳಲ್ಲಿ ಈ ವಿದ್ಯೆ ಪರಾಕಾಷ್ಠೆಗೆ ಹೋಯಿತು. ಸುಗ್ಗಿ ಮುಗಿದು ಚಳಿ ತೊಡಗುವ ಅಕ್ಟೋಬರಿನಲ್ಲಿ ಮಾಲ್ಟ್, ಹಾಪ್ಸ್ ಎರಡನ್ನೂ ಧಾರಾಳವಾಗಿ ಸುರಿದು ಗಟ್ಟಿ ಬಿಯರ್ ಮಾಡಿ ನೆಲಮಾಳಿಗೆಯಲ್ಲಿ ಇಡುತ್ತಿದ್ದರು. ಮನೆಗೆ ವಾರಸುದಾರ ಹುಟ್ಟಿದ ವರ್ಷ ಪೀಪಾಯಿ ತುಂಬಿಸಿ, ಅವನಿಗೆ 21 ತುಂಬಿದ ದಿನ ತೆರೆಯುವ ಪದ್ಧತಿಯೂ ಇತ್ತು. ಆ ಎಳೆಯ ಬಿಯರಿನ ಗುಟುಕು ನೋಡಿ ‘ಆಗಬಹುದು’ ಎಂದ ನೌಕರ ಪೀಪಾಯಿ ತೆರೆಯುವ ದಿನ ಬದುಕಿರುತ್ತಿದ್ದನೋ ಇಲ್ಲವೋ.

ಈ ಅಕ್ಟೋಬರ್ ಬಿಯರೇ ಭಾರತಕ್ಕೆ ಬಂದದ್ದು. ಲಂಡನ್ನಿನ ಪೂರ್ವಕ್ಕೆ, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಧಕ್ಕೆಗೆ ಹತ್ತಿರದಲ್ಲಿ, ಬೋ ಎಂಬಲ್ಲಿ ಹಾಡ್ಜ್‌ಸನ್ ಮನೆತನದ ಬ್ರೂವರಿ ಇತ್ತು. ಹಡಗಿನ ಅಧಿಕಾರಿಗಳಿಗೆ ಉದಾರವಾಗಿ ಸಾಲ ಕೊಟ್ಟು ಅವರು ಕಲ್ಕತ್ತಾದ ಮಾರುಕಟ್ಟೆಯನ್ನು ಹಿಡಿದುಕೊಂಡರು. ಭಾರತಕ್ಕೆಂದೇ ಹೊಸ ಬಗೆಯ ಬಿಯರನ್ನು ಅವರು ಕಂಡುಹಿಡಿದರೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ಸರಿಯಲ್ಲ. ಬಂಗಲೆಗಳ ಮಾಳಿಗೆಯಲ್ಲಿ ವರ್ಷಗಟ್ಟಲೆ ಮಾಗುತ್ತಿದ್ದ ಜಾತಿಯ ಬಿಯರೇ ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ, ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಕುಲುಕಾಡಿ, ಸೆಖೆಯಲ್ಲಿ ಬೆಂದು, ಬೇಗ ಮಾಗಿ ಇಳಿಯುತ್ತಿತ್ತು. ಕಳಿಸಿದವನು ಚಾಖಿ ನೋಡಿದ ಬಿಯರಿಗೂ ಕಲ್ಕತ್ತಾದಲ್ಲಿ ಬಿರಡೆ ತೆಗೆದ ಬಿಯರಿಗೂ ಅರ್ಧ ಭೂಮಂಡಲದ ಅಂತರ. ಇಲ್ಲಿ ಅಂದಾಜು ತಪ್ಪಿದರೆ ಹಡಗಿನ ಸರಕೇ ಹುಳಿ.

ಬರ್ಟನ್ ಪಟ್ಟಣದ ಸ್ಯಾಮ್ಯುಯೆಲ್ ಆಲ್ಸಪ್‌ನ ಕಥೆಯನ್ನು ಇಲ್ಲಿ ಹೇಳಲೇಬೇಕು. ಅವನ ಸಿಹಿಯಾದ ಗಟ್ಟಿ ಏಲ್ ರಷ್ಯಾಕ್ಕೆ ಹೋಗುತ್ತಿತ್ತು. 1822ರಲ್ಲಿ ರಷ್ಯಾ ಸುಂಕ ಹೇರಿದಾಗ ಆ ಬಾಗಿಲು ಮುಚ್ಚಿತು. ಆಗ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಾರ್ಜೊರಿಬ್ಯಾಂಕ್ಸ್ ಊಟಕ್ಕೆ ಕುಳಿತಿದ್ದಾಗ, ಭಾರತದ ವ್ಯಾಪಾರ ಹಾಡ್ಜ್‌ಸನ್‌ಗೆ ಮಾತ್ರ ಏಕೆ, ನೀವೂ ಪ್ರಯತ್ನಿಸಿ ಎಂದನಂತೆ. ಆಲ್ಸಪ್ ಹಾಡ್ಜ್‌ಸನ್ ಬಿಯರಿನ ಮಾದರಿ ತರಿಸಿ ತನ್ನ ಮಾಲ್ಟ್ ಮೇಸ್ತ್ರಿ ಜಾಬ್ ಗುಡ್‌ಹೆಡ್‌ಗೆ ಕೊಟ್ಟ. ಸಿಹಿಗೆ ಒಗ್ಗಿದ್ದ ಅವನ ನಾಲಗೆ ಆ ಕಹಿಯನ್ನು ಥೂ ಎಂದು ಉಗಿಯಿತು. ಆದರೂ ಅದರಂತೆಯೇ ಮಾಡಬಲ್ಲೆನೆಂದು ಒಪ್ಪಿ, ಮೊದಲ ಮಾದರಿಯನ್ನು ಅವನು ತಯಾರಿಸಿದ್ದು ಒಂದು ಟೀ ಪಾಟಿನಲ್ಲಿ. 1853ರಲ್ಲೇ ಪುಸ್ತಕಕ್ಕೆ ಏರಿದ ಈ ಪ್ರಸಂಗಕ್ಕೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಹೇಗೂ ಬರ್ಟನ್ನಿನ ಜಿಪ್ಸಮ್ ಬೆರೆತ ಗಡಸು ನೀರು ಕಹಿ ಬಿಯರಿಗೆ ಹೇಳಿ ಮಾಡಿಸಿದಂತಿತ್ತು, ಕೆಲವೇ ದಶಕಗಳಲ್ಲಿ ಆ ಊರು ಹಾಡ್ಜ್‌ಸನ್‌ರನ್ನು ಹಿಂದಿಕ್ಕಿತು. ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ನಿಂತದ್ದೂ ಆ ಕಾಲದಲ್ಲೇ.

ಇಷ್ಟು ಹಣ ತೊಡಗಿದ ಮೇಲೆ ನಾಲಗೆಯೊಂದನ್ನೇ ನಂಬಿ ಕೂರಲು ಎಲ್ಲರಿಗೂ ಧೈರ್ಯವಿರಲಿಲ್ಲ. ಥರ್ಮಾಮೀಟರಿನ ಉಪಯೋಗವನ್ನು ಮೈಕೆಲ್ ಕೊಂಬ್ರೂನ್ 1762ರಷ್ಟು ಹಿಂದೆಯೇ ಬರೆದಿದ್ದ. ಹ್ಯಾಂಪ್‌ಷೈರಿನ ಆಲ್ಟನ್ ಊರಿನ ಜೇಮ್ಸ್ ಬೇವರ್‌ಸ್ಟಾಕ್ ಎಂಬ ಯುವಕ ಅದನ್ನು ತಂದೆಗೆ ಕಾಣದಂತೆ ಬಚ್ಚಿಟ್ಟುಕೊಂಡು ಬಳಸಬೇಕಾಯಿತು. ಹೊಸ ಆಟಗಳು ತಂದೆಗೆ ಹಿಡಿಸುತ್ತಿರಲಿಲ್ಲ. ಮುಂದೆ ಅವನು ದ್ರವದ ಸಾಂದ್ರತೆ ಅಳೆಯುವ ಹೈಡ್ರಾಮೀಟರ್ ಹಿಡಿದು ಲಂಡನ್ನಿನ ದೊಡ್ಡ ತಯಾರಕ ಸ್ಯಾಮ್ಯುಯೆಲ್ ವಿಟ್‌ಬ್ರೆಡ್ ಬಳಿ ಹೋದಾಗ, ಹುಚ್ಚು ಕನಸು ಬಿಟ್ಟು ಮನೆಗೆ ಹೋಗಿ ಕಸುಬು ನೋಡಿಕೋ ಎಂಬ ಬುದ್ಧಿವಾದ ಸಿಕ್ಕಿತು. ತಮಾಷೆಯೆಂದರೆ ಹೈಡ್ರಾಮೀಟರ್ ಹೇಳುವುದು ಆ ಕಟ್ಟುಕಥೆಯ ಚರ್ಮದ ಚಡ್ಡಿ ಹೇಳುತ್ತಿತ್ತೆನ್ನಲಾದ ವಿಷಯವನ್ನೇ: ಇನ್ನೂ ಎಷ್ಟು ಸಕ್ಕರೆ ಉಳಿದಿದೆ ಎಂಬುದನ್ನು. ರುಚಿಯ ಬಗ್ಗೆ ಅದು ಮೂಕ.

ಅದೇ ವಿಟ್‌ಬ್ರೆಡ್ ಬ್ರೂವರಿಗೆ ಸುಮಾರು ನೂರು ವರ್ಷಗಳ ನಂತರ, 1871ರ ಸೆಪ್ಟೆಂಬರಿನಲ್ಲಿ, ಲೂಯಿ ಪಾಶ್ಚರ್ ಬಂದ. ಅಲ್ಲಿನ ಯೀಸ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಇದರಲ್ಲಿ ಅನ್ಯ ಜೀವಿಗಳು ಸೇರಿಕೊಂಡಿವೆ, ಬಿಯರ್ ಚೆನ್ನಾಗಿರಲಾರದು ಎಂದ. ತಯಾರಕರು ಒಪ್ಪಿಕೊಂಡರು. ಬಿಯರಿನ ತುಟ್ಟತುದಿಯ ರುಚಿಯನ್ನು ಒಂದು ಹನಿಯೂ ಕುಡಿಯದೆ ಹೇಳಿದ್ದು ಅವರನ್ನು ದಂಗುಬಡಿಸಿರಬೇಕು; ವಾರದೊಳಗೆ ಅವರು ಸ್ವಂತ ಸೂಕ್ಷ್ಮದರ್ಶಕ ಕೊಂಡಿದ್ದರು. ಪಾಶ್ಚರನ ಬಿಯರ್ ಅಧ್ಯಯನ 1876ರಲ್ಲಿ ಪ್ರಕಟವಾಯಿತು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ಕೊಟ್ಟ. ಮಾರ್ಜರಿಯ ಹಂಡೆಗಳನ್ನು ಹಾಳುಗೆಡವಿದ್ದು ದೇವರೂ ಅಲ್ಲ, ಅಹಂಕಾರವೂ ಅಲ್ಲ, ಬಹುಮಟ್ಟಿಗೆ ಕೆಟ್ಟ ಯೀಸ್ಟು ಎಂದು ಈಗ ಊಹಿಸಬಹುದು.

ವಿಜ್ಞಾನ ಇಲ್ಲಿಗೆ ಗೆದ್ದಂತಾಯಿತು ಎನ್ನುವಷ್ಟರಲ್ಲಿ ಇನ್ನೊಂದು ತಿರುವು. ಶುದ್ಧ ಯೀಸ್ಟಿನಿಂದ ಮಾಡಿದ ಇಂಗ್ಲಿಷ್ ಬಿಯರಿಗೆ, ಎಷ್ಟು ಕಾಲ ಇಟ್ಟರೂ, ಹಳೆಯ ಮಾಗಿದ ಬಿಯರಿನ ಘಮ ಬರಲಿಲ್ಲ. ಕಾರಣ ಹುಡುಕಿದವನು ಕಾರ್ಲ್ಸ್‌ಬರ್ಗಿನವನೇ ಆದ ನೀಲ್ಸ್ ಹೆಲ್ಟೆ ಕ್ಲಾಸನ್. ಪೀಪಾಯಿಯಲ್ಲಿ ನಿಧಾನವಾಗಿ ಕೆಲಸ ಮಾಡುವ ಬೇರೊಂದು ಯೀಸ್ಟ್ ಆ ಘಮಕ್ಕೆ ಕಾರಣವೆಂದು 1904ರಲ್ಲಿ ಅವನು ಪ್ರಕಟಿಸಿ, ಅದಕ್ಕೆ ‘ಬ್ರಿಟಿಷ್ ಬೂಷ್ಟು’ ಎಂಬರ್ಥದ ಬ್ರೆಟಾನೊಮೈಸಿಸ್ ಎಂಬ ಹೆಸರಿಟ್ಟ. ಸೂಕ್ಷ್ಮದರ್ಶಕ ‘ಅನ್ಯ’ ಎಂದು ಕಳೆದುಹಾಕುತ್ತಿದ್ದ ಜೀವಿಗಳ ನಡುವೆಯೇ ಶ್ರೀಮಂತರ ಪಂಕ್ತಿಯ ರುಚಿಯೂ ಅಡಗಿತ್ತು. ಹಳೆಯ ನೌಕರನ ನಾಲಗೆಗೆ ಅದರ ಹೆಸರು ಗೊತ್ತಿರಲಿಲ್ಲ, ಅದಕ್ಕೆ ಕಾಯಬೇಕೆಂಬುದು ಗೊತ್ತಿತ್ತು.

ಅಷ್ಟು ಹೊತ್ತಿಗೆ ಮನೆಯ ಬಿಯರ್ ಬಡವಾಗಿತ್ತು. ಬ್ರಿಟನ್ನಿನಲ್ಲಿ 1880ರಲ್ಲಿ ಗ್ಲಾಡ್‌ಸ್ಟನ್ ಸರ್ಕಾರ ಮಾಲ್ಟ್ ತೆರಿಗೆ ತೆಗೆದು ಬಿಯರ್ ತೆರಿಗೆ ಹಾಕಿದಾಗ ಮನೆಯಲ್ಲಿ ಮಾಡುವವರಿಗೂ ಪರವಾನಗಿ ಬೇಕಾಯಿತು. ಆ ನಿರ್ಬಂಧ ಹೋದದ್ದು 1963ರಲ್ಲಿ, ರೆಜಿನಾಲ್ಡ್ ಮಾಡ್ಲಿಂಗ್ ಮಂಡಿಸಿದ ಬಜೆಟ್ಟಿನಿಂದ. ಅಮೆರಿಕದಲ್ಲಿ ಮನೆ ಬಿಯರಿಗೆ ಒಕ್ಕೂಟ ಸರ್ಕಾರದ ಅಡ್ಡಿ ನಿವಾರಿಸುವ ಕಾಯಿದೆಗೆ ಅಧ್ಯಕ್ಷ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. (ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯಿದೆಯಂತೆ ಅಪರಾಧ.) ಆ ದೇಶಗಳ ಅಡುಗೆಮನೆಗಳಲ್ಲಿ ಹೀಗೆ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಹೈಡ್ರಾಮೀಟರಿಗೆಂದು ತೆಗೆದ ಒಂದು ಲೋಟ ಬಿಯರನ್ನು ಚೆಲ್ಲಲು ಮನಸ್ಸಾಗದೆ ಕುಡಿದು ನೋಡಿ ಗಾಬರಿಗೊಳ್ಳುವವರು ಇಂದು ಲಕ್ಷಾಂತರ ಮಂದಿ.

ಅವರಿಗೆ ಈಗ ರಸಾಯನಶಾಸ್ತ್ರದ ಬೆಂಬಲವಿದೆ. ಹಸಿ ಸೇಬಿನ ವಾಸನೆ ಬಂದರೆ ಅದು ಅಸಿಟಾಲ್ಡಿಹೈಡ್. ಯೀಸ್ಟ್ ಇನ್ನೂ ಜೀವಂತವಾಗಿದ್ದರೆ ಅದನ್ನು ಮದ್ಯಸಾರವಾಗಿಸಿ ಮುಗಿಸುತ್ತದೆ; ಅವಸರದಲ್ಲಿ ಯೀಸ್ಟನ್ನು ಬೇರ್ಪಡಿಸಬಾರದು ಅಷ್ಟೆ. ಕೊಳೆತ ಮೊಟ್ಟೆಯ ವಾಸನೆ ಗಂಧಕದ್ದು, ಬಹಳಷ್ಟು ಮಟ್ಟಿಗೆ ಅನಿಲದೊಡನೆ ತಾನೇ ಹೊರಟುಹೋಗುತ್ತದೆ. ಒರಟು ಕಹಿ ತಿಂಗಳುಗಳಲ್ಲಿ ಮೆತ್ತಗಾಗುತ್ತದೆ. ಆದರೆ ವಿನಿಗರಿನ ಹುಳಿ ಬಂದಿದ್ದರೆ ಕಾದು ಫಲವಿಲ್ಲ, ಅದು ಹೋಗುವುದಿಲ್ಲ. ಗಾಳಿ ತಾಗಿದರೆ ಏರುತ್ತದೆ. ಒದ್ದೆ ರಟ್ಟಿನ ವಾಸನೆಯೂ ಅಷ್ಟೆ, ಅದು ಆಮ್ಲಜನಕದ ಉಪದ್ರವ, ದಿನ ಕಳೆದಂತೆ ಹೆಚ್ಚುತ್ತದೆ.

ಎಲ್ಲಕ್ಕಿಂತ ಮೋಸದ್ದು ಬೆಣ್ಣೆಯ ಘಮ. ಅದು ಡೈಅಸಿಟೈಲ್ ಎಂಬ ವಸ್ತುವಿನದು. ಯೀಸ್ಟ್ ಹೊರಹಾಕಿದ ರುಚಿಯಿಲ್ಲದ ಪದಾರ್ಥವೊಂದು ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ, ಅದನ್ನು ಯೀಸ್ಟೇ ಮತ್ತೆ ಹೀರಿಕೊಂಡು ಇಲ್ಲವಾಗಿಸುತ್ತದೆ. ಇದೇ ಘಮವನ್ನು ಬಿಯರ್ ಕೆಡಿಸುವ ಬ್ಯಾಕ್ಟೀರಿಯಾಗಳೂ ಹುಟ್ಟಿಸುತ್ತವೆ, ಆಗ ಅದು ಕಡಿಮೆಯಾಗುವ ಬದಲು ಹುಳಿಯೊಡನೆ ಬೆಳೆಯುತ್ತದೆ. ಒಂದೇ ವಾಸನೆ, ಎರಡು ಭವಿಷ್ಯ. ಇಂದು ನಾಲಗೆಗೆ ಏನೂ ತಿಳಿಯದೆ, ಸೀಸೆಗೆ ತುಂಬಿದ ಮೇಲೆ ಬೆಣ್ಣೆ ಕಾಣಿಸಿಕೊಳ್ಳುವುದೂ ಉಂಟು.

ಇದಕ್ಕೆ ತಯಾರಕರು ಕಂಡುಕೊಂಡಿರುವ ಉಪಾಯ ಬಹಳ ಸುಲಭದ್ದು. ಎಳೆಯ ಬಿಯರನ್ನು ಎರಡು ಲೋಟಗಳಲ್ಲಿ ತೆಗೆದು ಬಾಯಿ ಮುಚ್ಚಬೇಕು. ಒಂದನ್ನು ಹಾಗೇ ಇಟ್ಟು, ಇನ್ನೊಂದನ್ನು 60-70 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಳಿಬಿಟ್ಟು ತಣಿಸಬೇಕು. ಆ ಶಾಖ ವಾರಗಳಲ್ಲಿ ಆಗುವುದನ್ನು ನಿಮಿಷಗಳಲ್ಲಿ ಆಗಿಸುತ್ತದೆ. ಬಳಿಕ ಎರಡನ್ನೂ ಮೂಸಿ ನೋಡುವುದು. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಸುಳಿದರೆ ಯೀಸ್ಟಿನ ಕೆಲಸ ಬಾಕಿ ಇದೆ, ಇನ್ನಷ್ಟು ದಿನ ಮುಟ್ಟಬಾರದು. ಎರಡರಲ್ಲೂ ಇಲ್ಲದಿದ್ದರೆ ಮುಂದುವರಿಯಬಹುದು. ಪ್ರಯೋಗಾಲಯದ ಜ್ಞಾನವೆಲ್ಲ ಸೇರಿ ಕೊಟ್ಟ ಈ ಪರೀಕ್ಷೆಯಲ್ಲೂ ಕೊನೆಯ ಮಾತು ಮೂಗಿನದೇ.

2010ರ ದಶಕದ ಆರಂಭದಿಂದ ಬೆಂಗಳೂರಿನಲ್ಲಿ ತಮ್ಮದೇ ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಪಬ್ಬುಗಳು ತೆರೆದಿವೆ. ಅಲ್ಲಿನ ಫಲಕಗಳಲ್ಲಿ ಇಂಡಿಯಾ ಪೇಲ್ ಏಲ್ ಎಂಬ ಹೆಸರು ಸಾಮಾನ್ಯ. ಆದರೆ ಇಂದಿನ ಗಿರಾಕಿಗೆ ಬೇಕಾದದ್ದು ಹಾಪ್ಸಿನ ತಾಜಾ ಪರಿಮಳ, ಅದು ಬೇಗ ಆರುವ ಪರಿಮಳ. ಹೀಗಾಗಿ ವರ್ಷಕಾಲ ಮಾಗಿ, ಸಮುದ್ರ ದಾಟಿ ಬರುತ್ತಿದ್ದ ಹೆಸರಿನ ಬಿಯರನ್ನು ಈಗ ಎಳೆಯದಿರುವಾಗಲೇ ಕುಡಿದು ಮುಗಿಸುತ್ತಾರೆ.